ಹೆರೆದು ಬರೆದದ್ದು: ‘ಪ್ಯಾಲಿಂಪ್ಸೆಸ್ಟ್’ ಪದದ ಕಥೆ

ಹಳೆಯ ಬರಹವನ್ನು ತೊಳೆದೋ ಹೆರೆದೋ ತೆಗೆದು, ಅದೇ ಹಾಳೆಯ ಮೇಲೆ ಬೇರೊಂದನ್ನು ಬರೆದಿದ್ದರೆ ಅಂಥ ಹಸ್ತಪ್ರತಿಗೆ ಇಂಗ್ಲಿಷಿನಲ್ಲಿ ‘ಪ್ಯಾಲಿಂಪ್ಸೆಸ್ಟ್’ ಎಂದು ಹೆಸರು. ದಿನಬಳಕೆಯ ಮಾತಿನಲ್ಲಿ ಈ ಪದ ಕಿವಿಗೆ ಬೀಳುವುದು ಅಪರೂಪ. ಹಸ್ತಪ್ರತಿಗಳನ್ನು ಓದುವ ವಿದ್ವಾಂಸರಿಗೆ ಇದು ಕಸುಬಿನ ಪದ. ನಗರಗಳ ಚರಿತ್ರೆ ಬರೆಯುವವರು, ಸಾಹಿತ್ಯ ವಿಮರ್ಶಕರು, ಭೂವಿಜ್ಞಾನಿಗಳು, ಗುರುಗ್ರಹದ ಚಂದ್ರರನ್ನು ಅಧ್ಯಯನ ಮಾಡುವವರು ಕೂಡ ಅದನ್ನು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಎರವಲು ಪಡೆದಿದ್ದಾರೆ. ಎರಡು ಸಾವಿರ ವರ್ಷಗಳಲ್ಲಿ ಈ ಪದದ ಅರ್ಥ ಹೆಚ್ಚುಕಡಿಮೆ ತಲೆಕೆಳಗಾಗಿದೆ. ಮೊದಲು ಅದು ಅಳಿಸುವ ಕೆಲಸವನ್ನು ಸೂಚಿಸುತ್ತಿತ್ತು. ಇಂದು ಅದನ್ನು ಬಳಸುವವರ ಗಮನವೆಲ್ಲ ಅಳಿಸಿದ ಮೇಲೂ ಉಳಿದುಕೊಂಡದ್ದರ ಮೇಲಿದೆ.

ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಪಾಲಿನ್’ ಎಂದರೆ ಮತ್ತೆ. ಉಜ್ಜುವುದು, ಹೆರೆಯುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದ ‘ಪ್ಸೆಸ್ಟೋಸ್’ ಅದಕ್ಕೆ ಸೇರಿ ‘ಪಾಲಿಂಪ್ಸೆಸ್ಟೋಸ್’ ಆಯಿತು. ಮತ್ತೆ ಉಜ್ಜಿದ್ದು, ಮತ್ತೆ ಹೆರೆದದ್ದು ಎಂಬಷ್ಟೇ ಅದರ ಅರ್ಥ. ಪದದ ಒಳಗೆ ‘ಬರೆ’ ಎಂಬ ಧಾತುವೇ ಇಲ್ಲ ಎಂಬುದು ಗಮನಿಸತಕ್ಕದ್ದು. ಲ್ಯಾಟಿನ್ ಭಾಷೆ ಈ ಪದವನ್ನು ‘ಪಾಲಿಂಪ್ಸೆಸ್ಟಸ್’ ಎಂದು ಮಾಡಿಕೊಂಡಿತು.

ರೋಮನ್ನರಿಗೆ ಇದು ಸಾಧಾರಣ ಬರಹದ ಸಾಮಗ್ರಿಯ ಹೆಸರು. ಕ್ರಿಸ್ತಪೂರ್ವ ಮೊದಲ ಶತಮಾನದ ಕವಿ ಕಟುಲ್ಲಸ್ ತನ್ನೊಂದು ಕವಿತೆಯಲ್ಲಿ ಸುಫೆನಸ್ ಎಂಬವನನ್ನು ಗೇಲಿ ಮಾಡುತ್ತಾನೆ. ಸಾವಿರಗಟ್ಟಲೆ ಸಾಲು ಬರೆಯುವ ಈ ಸುಫೆನಸ್ ಎಲ್ಲರಂತೆ ಉಜ್ಜಿದ ಹಾಳೆಯ ಮೇಲೆ ಬರೆಯದೆ, ರಾಜಯೋಗ್ಯವಾದ ಹೊಸ ಹಾಳೆಯನ್ನೇ ಬಳಸುತ್ತಾನೆ ಎಂಬುದು ಆಕ್ಷೇಪ. ಕರಡು ಬರೆಯಲು ಉಜ್ಜಿದ ಹಾಳೆ ಸಾಕು, ಹೊಸದು ಬೇಕಿಲ್ಲ ಎಂಬ ವಾಡಿಕೆ ಇದರಿಂದ ತಿಳಿಯುತ್ತದೆ. ಅದೇ ಕಾಲದ ವಾಗ್ಮಿ ಸಿಸೆರೊ, ಸೀಸರನ ಜೊತೆ ಗಾಲ್ ಪ್ರಾಂತ್ಯದಲ್ಲಿದ್ದ ಟ್ರೆಬೇಷಿಯಸ್ ಎಂಬ ವಕೀಲ ಗೆಳೆಯನಿಗೆ ಬರೆದ ಪತ್ರದಲ್ಲೂ ಈ ಪದ ಬರುತ್ತದೆ. ಗೆಳೆಯನ ಕಾಗದ ಬಂದದ್ದು ಅಳಿಸಿದ ಹಾಳೆಯ ಮೇಲೆ. ಅವನ ಮಿತವ್ಯಯವನ್ನು ಮೆಚ್ಚಿಕೊಂಡ ಸಿಸೆರೊ, ಈ ಪತ್ರಕ್ಕಿಂತ ಕಡಿಮೆ ಬೆಲೆಯದ್ದೆಂದು ಅಳಿಸಿದ ಮೊದಲ ಬರಹ ಯಾವುದಿರಬಹುದು ಎಂದು ತಮಾಷೆಯಾಗಿ ಕೇಳುತ್ತಾನೆ. ಕೆಳಗಿನ ಬರಹದ ಬಗೆಗಿನ ಕುತೂಹಲ ದಾಖಲಾದ ಬಹಳ ಹಳೆಯ ನಿದರ್ಶನಗಳಲ್ಲಿ ಇದೊಂದು. ಆ ಕುತೂಹಲದ ನಿಜವಾದ ಫಲ ಸಿಕ್ಕಿದ್ದು ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷಗಳ ನಂತರ, ಅದೂ ಸಿಸೆರೊನದೇ ಕೃತಿಯೊಂದರ ಮೂಲಕ.

ಪದವನ್ನು ರೂಪಕವಾಗಿ ಬಳಸುವುದೂ ಹೊಸತೇನಲ್ಲ. ಸಿರಾಕ್ಯೂಸ್ ನಗರದ ನಿರಂಕುಶ ದೊರೆ ಡಯೊನೀಸಿಯಸ್‌ನನ್ನು ತಿದ್ದಲು ಪ್ಲೇಟೊ ಹೋಗಿದ್ದ ಪ್ರಸಂಗವನ್ನು ಹೇಳುವಾಗ ಗ್ರೀಕ್ ಲೇಖಕ ಪ್ಲುಟಾರ್ಕ್, ಆ ದೊರೆಯ ಮನಸ್ಸನ್ನು ಕಲೆಗಳು ತುಂಬಿದ ಪ್ಯಾಲಿಂಪ್ಸೆಸ್ಟ್‌ಗೆ ಹೋಲಿಸುತ್ತಾನೆ. ದರ್ಪದ ಬಣ್ಣ ಆಳವಾಗಿ ಹಿಡಿದಿದ್ದುದರಿಂದ ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ ಎಂಬುದು ಹೋಲಿಕೆಯ ತಾತ್ಪರ್ಯ. ಇಲ್ಲಿ ಕೆಳಗೆ ಉಳಿದದ್ದು ನಿಧಿಯಲ್ಲ, ದೋಷ. ಚೆನ್ನಾಗಿ ಉಜ್ಜಿದ ಹಾಳೆಯಲ್ಲಿ ಹಳೆಯದರ ಗುರುತು ಇರಕೂಡದು ಎಂಬುದು ಆ ಕಾಲದವರ ಅಪೇಕ್ಷೆ.

ಅಪೇಕ್ಷೆ ಈಡೇರುವುದು ಬಿಡುವುದು ಮಸಿಯನ್ನು ಅವಲಂಬಿಸಿತ್ತು. ಗ್ರೀಕರೂ ರೋಮನ್ನರೂ ಹೆಚ್ಚಾಗಿ ಬರೆಯುತ್ತಿದ್ದುದು ಈಜಿಪ್ಟಿನ ಜೊಂಡಿನಿಂದ ಮಾಡಿದ ಪಪೈರಸ್ ಹಾಳೆಯ ಮೇಲೆ. ದೀಪದ ಮಸಿಯನ್ನು ಅಂಟಿನೊಂದಿಗೆ ನೀರಿನಲ್ಲಿ ಕಲಸಿದ ಶಾಯಿ ಹಾಳೆಯ ಮೈಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಒದ್ದೆ ಸ್ಪಂಜಿನಿಂದ ಒರೆಸಿದರೆ ಹೋಗುತ್ತದೆ. ಚಕ್ರವರ್ತಿ ಆಗಸ್ಟಸ್ ‘ಅಜಾಕ್ಸ್’ ಎಂಬ ದುರಂತ ನಾಟಕ ಬರೆಯತೊಡಗಿ, ಹಿಡಿಸದೆ ಅಳಿಸಿಬಿಟ್ಟ. ನಾಟಕ ಏನಾಯಿತೆಂದು ಗೆಳೆಯರು ಕೇಳಿದಾಗ, ಗ್ರೀಕ್ ಕಥೆಯ ಅಜಾಕ್ಸ್ ತನ್ನ ಖಡ್ಗದ ಮೇಲೆ ಬಿದ್ದು ಸತ್ತಂತೆ ತನ್ನ ಅಜಾಕ್ಸ್ ಸ್ಪಂಜಿನ ಮೇಲೆ ಬಿದ್ದ ಎಂದನಂತೆ. ಚರಿತ್ರೆಕಾರ ಸ್ವೆಟೋನಿಯಸ್ ಇದನ್ನು ದಾಖಲಿಸಿದ್ದಾನೆ.

ಮುಂದೆ ಪಪೈರಸ್ ಜಾಗಕ್ಕೆ ಪಾರ್ಚ್‌ಮೆಂಟ್ ಬಂತು. ಕುರಿ, ಆಡು, ಕರುಗಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಿಂದ ಹೆರೆದು ಒಣಗಿಸಿದ ಹಾಳೆ ಇದು. ಹದ ಮಾಡಿದ ತೊಗಲಿನಂತಲ್ಲದೆ ಬಿಳುಪಾಗಿ, ಗಟ್ಟಿಯಾಗಿ, ಎರಡೂ ಬದಿ ಬರೆಯಲು ಬರುವಂತೆ ಇರುತ್ತದೆ. ಶತಮಾನಗಟ್ಟಲೆ ಬಾಳುತ್ತದೆ. ಆದರೆ ದೊಡ್ಡದೊಂದು ಬೈಬಲ್ ಬರೆಯಲು ನೂರಾರು ಪ್ರಾಣಿಗಳ ತೊಗಲು ಬೇಕಾಗುತ್ತಿತ್ತು. ಇದರ ಮೇಲೆ ಬರೆಯಲು ಮಧ್ಯಯುಗದಲ್ಲಿ ಬಳಸುತ್ತಿದ್ದ ಶಾಯಿಯೂ ಬೇರೆ. ಓಕ್ ಮರದ ಮಾಚಿಕಾಯಿಯ ಒಗರು ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆಸಿ ಅಂಟು ಕೂಡಿಸಿದ ಕಪ್ಪು ಶಾಯಿ. ಇದು ತೊಗಲಿನ ಎಳೆಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಹಾಲಿನಲ್ಲಿ ನೆನೆಸಿ, ಹಿಟ್ಟು ಉದುರಿಸಿ, ಪ್ಯೂಮಿಸ್ ಕಲ್ಲಿನಿಂದ ಉಜ್ಜಿದರೆ ಕಣ್ಣಿಗೆ ಕಾಣುವ ಕಪ್ಪು ಹೋಗುತ್ತದೆ, ಒಳಗಿನ ಕಬ್ಬಿಣದ ಅಂಶ ಪೂರ್ತಿ ಹೋಗುವುದಿಲ್ಲ. ಕಾಲ ಸರಿದಂತೆ ಕೆಲವು ಹಾಳೆಗಳಲ್ಲಿ ಅದು ತುಕ್ಕಿನ ಬಣ್ಣದ ಮಸುಕು ಗೆರೆಗಳಾಗಿ ಮೇಲೆದ್ದು ಬರುತ್ತದೆ. ಇಂದು ಲೋಕಪ್ರಸಿದ್ಧವಾಗಿರುವ ಪ್ಯಾಲಿಂಪ್ಸೆಸ್ಟ್‌ಗಳು ಉಳಿದದ್ದಕ್ಕೆ ಬಹುಮಟ್ಟಿಗೆ ಈ ರಸಾಯನವೇ ಕಾರಣ.

ಪುಸ್ತಕಗಳನ್ನು ಯಾಕೆ ಅಳಿಸಿದರು ಎಂಬ ಪ್ರಶ್ನೆಗೆ, ಕ್ರೈಸ್ತ ಸನ್ಯಾಸಿಗಳು ಪರಮತದ ಗ್ರಂಥಗಳನ್ನು ಹಗೆತನದಿಂದ ನಾಶ ಮಾಡಿದರು ಎಂಬ ಉತ್ತರ ಬಹುಕಾಲ ಪ್ರಚಾರದಲ್ಲಿತ್ತು. ಉಳಿದಿರುವ ಹಾಳೆಗಳು ಈ ಮಾತನ್ನು ಪುಷ್ಟೀಕರಿಸುವುದಿಲ್ಲ. ಅಳಿಸಿದ ಗ್ರಂಥಗಳಲ್ಲಿ ಬೈಬಲ್ ಪ್ರತಿಗಳಿವೆ, ಪ್ರಾರ್ಥನಾ ಪುಸ್ತಕಗಳಿವೆ, ಸಂತರ ಬರಹಗಳಿವೆ. ಕ್ರಿ.ಶ. 692ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿ ಸೇರಿದ್ದ ಧರ್ಮಸಭೆ, ಬೈಬಲ್ ಮತ್ತು ಧರ್ಮಪಿತೃಗಳ ಗ್ರಂಥಗಳನ್ನು ಹಾಳುಗೆಡಹುವುದನ್ನೂ ಕತ್ತರಿಸುವುದನ್ನೂ, ಪುಸ್ತಕ ವ್ಯಾಪಾರಿಗಳಿಗೋ ಸುಗಂಧದ್ರವ್ಯ ಮಾರುವವರಿಗೋ ಕೊಡುವುದನ್ನೂ ನಿಷೇಧಿಸಿತು. ನುಸಿ ತಿಂದು, ನೀರು ಬಿದ್ದು ಕೆಟ್ಟ ಪ್ರತಿಗಳಿಗೆ ಮಾತ್ರ ವಿನಾಯಿತಿ. ಅಂಥ ರೂಢಿ ಇಲ್ಲದಿದ್ದರೆ ನಿಷೇಧದ ಅಗತ್ಯವೇ ಬೀಳುತ್ತಿರಲಿಲ್ಲ. ಓದುವವರಿಲ್ಲದ ಭಾಷೆ, ಹಳೆಯದಾದ ಲಿಪಿ, ಬಳಕೆ ತಪ್ಪಿದ ಕಾನೂನು, ಬದಲಾದ ಪೂಜಾವಿಧಿ, ಬಿಡಿಬಿಡಿಯಾಗಿ ಉದುರಿದ ಹಾಳೆ ಇವೆಲ್ಲ ಮರುಬಳಕೆಗೆ ಹೋದವು. ಚರ್ಮದ ಹಾಳೆ ದುಬಾರಿಯಾದದ್ದೇ ಮುಖ್ಯ ಕಾರಣ. ಮತ್ತೆ ಬರೆದದ್ದರಿಂದ ಆ ಹಾಳೆಗಳಿಗೆ ಹೊಸ ಉಪಯೋಗ ಹುಟ್ಟಿತು, ಉಪಯೋಗವಿದ್ದುದರಿಂದ ಯಾರೂ ಅವನ್ನು ಬಿಸಾಡಲಿಲ್ಲ. ಅಳಿಸಿದವರ ಮೇಲೆ ಸಿಟ್ಟಾಗುವವರು ಈ ಮಾತನ್ನೂ ನೆನೆಯಬೇಕು: ಹಾಗೇ ಬಿಟ್ಟಿದ್ದರೆ ಅವುಗಳಲ್ಲಿ ಎಷ್ಟೋ ಗೆದ್ದಲಿಗೂ ಬೆಂಕಿಗೂ ಹೋಗಿರುತ್ತಿದ್ದವು.

ಉತ್ತರ ಇಟಲಿಯ ಬೊಬ್ಬಿಯೊ ಮಠ ಇಂಥ ಮರುಬಳಕೆಗೆ ಹೆಸರಾದದ್ದು. ಐರ್ಲೆಂಡಿನಿಂದ ಬಂದ ಸಂತ ಕೊಲಂಬಾನಸ್ 7ನೇ ಶತಮಾನದ ಆರಂಭದಲ್ಲಿ ಕಟ್ಟಿದ ಈ ಮಠದಲ್ಲಿ, ಹಳೆಯ ರೋಮನ್ ಪ್ರತಿಗಳನ್ನು ತೊಳೆದು ಧಾರ್ಮಿಕ ಗ್ರಂಥಗಳನ್ನು ಬರೆದುಕೊಂಡರು. ಸಿಸೆರೊ ರಾಜ್ಯಶಾಸ್ತ್ರದ ಬಗ್ಗೆ ಬರೆದ ‘ಡಿ ರೆ ಪಬ್ಲಿಕಾ’ ಎಂಬ ಆರು ಭಾಗಗಳ ಸಂವಾದಗ್ರಂಥದ ಪ್ರತಿಯೊಂದು ಹೀಗೆ ಕಣ್ಮರೆಯಾಗಿ, ಅದರ ಮೇಲೆ ಸಂತ ಆಗಸ್ಟೀನ್ ಬೈಬಲಿನ ಕೀರ್ತನೆಗಳಿಗೆ ಬರೆದ ವ್ಯಾಖ್ಯಾನ ಬಂದು ಕೂತಿತು. ಇದೇ ಆಗಸ್ಟೀನ್ ತನ್ನ ಬೇರೊಂದು ಮಹಾಗ್ರಂಥದಲ್ಲಿ ಸಿಸೆರೊನ ಆ ಕೃತಿಯನ್ನು ಎತ್ತಿಕೊಂಡು ಚರ್ಚಿಸಿದ್ದಾನೆ. ಅವನಂಥವರ ಉಲ್ಲೇಖಗಳು ಮತ್ತು ‘ಸಿಪಿಯೊನ ಕನಸು’ ಎಂಬ ಕೊನೆಯ ಅಧ್ಯಾಯ ಇವಿಷ್ಟು ಬಿಟ್ಟರೆ ಇಡೀ ಪುಸ್ತಕ ಕಳೆದುಹೋಗಿದೆ ಎಂದೇ ಯುರೋಪು ನಂಬಿತ್ತು.

ಇಂಗ್ಲಿಷಿಗೆ ಪದ ಬಂದದ್ದು 17ನೇ ಶತಮಾನದಲ್ಲಿ. ಆಗಲೂ ಅದರ ಅರ್ಥ ರೋಮನ್ನರದ್ದೇ: ಕರಡು ಬರೆದು, ಒರೆಸಿ, ಮತ್ತೆ ಬರೆಯಬಹುದಾದ ಹಾಳೆ. ನಿಘಂಟುಗಳಲ್ಲಿ ಮೂಲೆಗುಂಪಾಗಿದ್ದ ಪದವನ್ನು ವಿದ್ವಲ್ಲೋಕದ ಮಧ್ಯಕ್ಕೆ ತಂದದ್ದು 19ನೇ ಶತಮಾನದ ಮೊದಲ ದಶಕಗಳ ಶೋಧಗಳು. 1816ರಲ್ಲಿ ಜರ್ಮನ್ ಚರಿತ್ರೆಕಾರ ನೀಬೂರ್, ವೆರೋನಾದ ಚರ್ಚಿನ ಗ್ರಂಥಾಲಯದಲ್ಲಿ ಸಂತ ಜೆರೋಮನ ಪತ್ರಗಳ ಕೆಳಗೆ ಪ್ರಾಚೀನ ರೋಮಿನ ನ್ಯಾಯಶಾಸ್ತ್ರಜ್ಞ ಗಾಯಸ್‌ನ ಪಠ್ಯಗ್ರಂಥವನ್ನು ಗುರುತಿಸಿದ. ರೋಮನ್ ಕಾನೂನಿನ ಅಧ್ಯಯನಕ್ಕೆ ಹೊಸ ಬುನಾದಿಯೇ ಬಿದ್ದಂತಾಯಿತು. 1819ರಲ್ಲಿ ವ್ಯಾಟಿಕನ್ ಗ್ರಂಥಾಲಯಕ್ಕೆ ಬಂದ ಆ್ಯಂಜೆಲೊ ಮಾಯ್ ಎಂಬ ಪಾದ್ರಿ, ಬೊಬ್ಬಿಯೊದಿಂದ ಅಲ್ಲಿಗೆ ಸೇರಿದ್ದ ಆಗಸ್ಟೀನ್ ವ್ಯಾಖ್ಯಾನದ ಪುಟಗಳಲ್ಲಿ ಸಿಸೆರೊನ ದಪ್ಪಕ್ಷರದ ಸಾಲುಗಳನ್ನು ಕಂಡುಹಿಡಿದು 1822ರಲ್ಲಿ ಪ್ರಕಟಿಸಿದ. ಇಟಲಿಯ ಕವಿ ಲಿಯೊಪಾರ್ಡಿ ಈ ಶೋಧದಿಂದ ಹುರುಪುಗೊಂಡು ಮಾಯ್ ಹೆಸರಿನಲ್ಲಿ ಕವಿತೆಯನ್ನೇ ಬರೆದ. ಪ್ಯಾಲಿಂಪ್ಸೆಸ್ಟ್ ಎಂದರೆ ಕಳೆದುಹೋದ ಗ್ರಂಥ ಅಡಗಿರುವ ತಾಣ ಎಂಬ ಹೊಸ ಅರ್ಥ ಈ ವರ್ಷಗಳಲ್ಲಿ ಗಟ್ಟಿಯಾಯಿತು.

ಈ ಉತ್ಸಾಹಕ್ಕೆ ಹಾಳೆಗಳು ದೊಡ್ಡ ಬೆಲೆ ತೆತ್ತವು. ಮಸುಕಾದ ಅಕ್ಷರಗಳನ್ನು ಎಬ್ಬಿಸಲು ಮಾಯ್ ಮತ್ತಿತರರು ಮಾಚಿಕಾಯಿಯ ಕಷಾಯ ಸವರುತ್ತಿದ್ದರು. ಉಳಿದ ಕಬ್ಬಿಣದೊಂದಿಗೆ ಅದು ಸೇರಿ ಅಕ್ಷರ ಸ್ವಲ್ಪ ಕಾಲ ಕಪ್ಪಾಗಿ ಕಾಣುತ್ತಿತ್ತು. ಇನ್ನು ಕೆಲವರ ರಾಸಾಯನಿಕಗಳು ಅಕ್ಷರವನ್ನು ನೀಲಿಯಾಗಿಸುತ್ತಿದ್ದವು. ವರ್ಷಗಳು ಕಳೆದಂತೆ ಸವರಿದ ಜಾಗವೆಲ್ಲ ಕಂದಾಗಿಯೋ ನೀಲಿಯಾಗಿಯೋ ತಿರುಗಿ, ತೊಗಲು ಸುಕ್ಕುಗಟ್ಟಿ ಹೋಯಿತು. ಒಮ್ಮೆ ಓದಿ ಪ್ರಕಟಿಸಿದ ಪುಟವನ್ನು ಮುಂದಿನವರು ಪರಿಶೀಲಿಸುವಂತಿರಲಿಲ್ಲ. ಸಾವಿರ ವರ್ಷ ಉಳಿದದ್ದು ಅತ್ಯಂತ ಪ್ರೀತಿಯಿಂದ ಓದಿದವರ ಕೈಯಲ್ಲೇ ಕೆಟ್ಟಿತು ಎಂಬುದು ಈ ಚರಿತ್ರೆಯಲ್ಲಿ ಮನಸ್ಸನ್ನು ಅತಿ ಹೆಚ್ಚು ನೋಯಿಸುವ ಭಾಗ. ಬೈಬಲಿನ 5ನೇ ಶತಮಾನದ ಗ್ರೀಕ್ ಪ್ರತಿಯೊಂದನ್ನು 12ನೇ ಶತಮಾನದಲ್ಲಿ ಅಳಿಸಿ ಎಫ್ರೇಮ್ ಎಂಬ ಸಿರಿಯಾದ ಸಂತನ ಬರಹಗಳನ್ನು ಬರೆಯಲಾಗಿತ್ತು. ಪ್ಯಾರಿಸ್ಸಿನಲ್ಲಿದ್ದ ಅದನ್ನು ಜರ್ಮನಿಯ ವಿದ್ವಾಂಸ ಟಿಷೆಂಡಾರ್ಫ್ 1840ರ ದಶಕದಲ್ಲಿ ಓದಿ ಹೆಸರು ಮಾಡಿದ. ಅದಕ್ಕೂ ಮೊದಲು ರಾಸಾಯನಿಕ ಸವರಿಸಿಕೊಂಡ ಆ ಪುಟಗಳ ಕಲೆ ಇಂದಿಗೂ ಇದೆ. ರಾಸಾಯನಿಕದ ಕಾಲ ಮುಗಿದು ಬೆಳಕಿನ ಕಾಲ ಬಂದದ್ದು 20ನೇ ಶತಮಾನದಲ್ಲಿ. ಅತಿನೇರಳೆ ಕಿರಣ ಬಿದ್ದಾಗ ಚರ್ಮದ ಹಾಳೆ ಮಿನುಗುತ್ತದೆ, ಕಬ್ಬಿಣದ ಶಾಯಿ ಇದ್ದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ಜರ್ಮನಿಯ ಬಾಯ್ರನ್ ಮಠದ ಸನ್ಯಾಸಿಗಳು ಆ ಶತಮಾನದ ಆರಂಭದಲ್ಲೇ ಇದನ್ನು ಬಳಸಿ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಇಳಿದರು.

ಈಜಿಪ್ಟಿನ ಸಿನಾಯ್ ಬೆಟ್ಟದ ತಪ್ಪಲಿನಲ್ಲಿರುವ ಸೇಂಟ್ ಕ್ಯಾಥರೀನ್ ಮಠದ ಶೋಧ ಇಬ್ಬರು ಹೆಂಗಸರದ್ದು. ಸ್ಕಾಟ್‌ಲೆಂಡಿನಲ್ಲಿ ಹುಟ್ಟಿದ ಅವಳಿ ಸೋದರಿಯರಾದ ಆ್ಯಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ 1892ರಲ್ಲಿ ಮರುಭೂಮಿ ದಾಟಿ ಅಲ್ಲಿಗೆ ಹೋದರು. ವಿಶ್ವವಿದ್ಯಾಲಯದ ಪದವಿ ಇಬ್ಬರಿಗೂ ಇರಲಿಲ್ಲ. ಆ್ಯಗ್ನೆಸ್ ಆ ಯಾತ್ರೆಗೆಂದೇ ಸಿರಿಯಾಕ್ ಭಾಷೆ ಕಲಿತಿದ್ದರು. ಸಂತ ಮಹಿಳೆಯರ ಚರಿತ್ರೆಗಳಿದ್ದ 8ನೇ ಶತಮಾನದ ಹಸ್ತಪ್ರತಿಯೊಂದರ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಟಲಿನ ಹಬೆ ಹಿಡಿದು ಅವನ್ನು ಬಿಡಿಸಿದಾಗ ಅಡಿಯಲ್ಲಿ ಸುವಾರ್ತೆಯ ಪದಗಳು ಕಂಡವು. ತೆಗೆದುಕೊಂಡು ಹೋದ ಛಾಯಾಚಿತ್ರಗಳನ್ನು ಕೇಂಬ್ರಿಜ್‌ನ ವಿದ್ವಾಂಸರು ನೋಡಿ, ಸಿರಿಯಾಕ್ ಭಾಷೆಯ ಅತಿ ಹಳೆಯ ಸುವಾರ್ತಾ ಪಾಠಗಳಲ್ಲಿ ಇದೊಂದು ಎಂದು ಖಚಿತಪಡಿಸಿದರು.

ಎಲ್ಲಕ್ಕಿಂತ ಹೆಸರಾದದ್ದು ಆರ್ಕಿಮಿಡೀಸ್ ಪ್ಯಾಲಿಂಪ್ಸೆಸ್ಟ್. 10ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಯಾರೋ ಲಿಪಿಕಾರ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್‌ನ ಏಳು ಕೃತಿಗಳನ್ನು ಚರ್ಮದ ಹಾಳೆಗೆ ಇಳಿಸಿದ್ದ. 1229ರಲ್ಲಿ ಒಬ್ಬ ಪಾದ್ರಿ ಅದರ ಹಾಳೆಗಳನ್ನು ಬಿಡಿಸಿ, ತೊಳೆದು, ಅರ್ಧಕ್ಕೆ ಮಡಿಸಿ, ಅಡ್ಡ ತಿರುಗಿಸಿ ಪ್ರಾರ್ಥನಾ ಪುಸ್ತಕ ಬರೆದು ಮುಗಿಸಿದ. ಹಾಗಾಗಿ ಗಣಿತದ ಸಾಲುಗಳು ಪ್ರಾರ್ಥನೆಯ ಸಾಲುಗಳಿಗೆ ಅಡ್ಡಲಾಗಿ ಓಡುತ್ತವೆ, ಹಾಳೆಯ ಮಡಿಕೆಯೊಳಗೆ ಮುಳುಗಿ ಮತ್ತೆ ಏಳುತ್ತವೆ. ಪುಸ್ತಕ ಶತಮಾನಗಳ ಕಾಲ ಬೆತ್ಲೆಹೇಮ್ ಸಮೀಪದ ಮಾರ್ ಸಾಬಾ ಮಠದಲ್ಲಿತ್ತು, ಆಮೇಲೆ ಕಾನ್‌ಸ್ಟಾಂಟಿನೋಪಲ್‌ಗೆ ಮರಳಿತು. ಗ್ರೀಕ್ ವಿದ್ವಾಂಸನೊಬ್ಬ 1899ರಲ್ಲಿ ಗ್ರಂಥಸೂಚಿ ಮಾಡುವಾಗ ಕೆಳಗೆ ಕಂಡ ಕೆಲವು ಸಾಲುಗಳನ್ನು ಅದರಲ್ಲಿ ನಮೂದಿಸಿದ. ಆ ಸಾಲುಗಳು ಯಾರವೆಂದು ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್‌ಗೆ ಗೊತ್ತಾಯಿತು. 1906ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೇ ಹೋಗಿ, ಭೂತಗನ್ನಡಿ ಹಿಡಿದು, ಛಾಯಾಚಿತ್ರ ತೆಗೆಸಿ, ಓದಲಾದಷ್ಟನ್ನು ಓದಿ ಪ್ರಕಟಿಸಿದ.

ಅದರಲ್ಲಿ ‘ಮೆಥಡ್’ ಎಂಬ ಕೃತಿ ಇತ್ತು. ಅದರ ಪ್ರತಿ ಬೇರೆಲ್ಲೂ ಉಳಿದಿಲ್ಲ. ಅಲೆಕ್ಸಾಂಡ್ರಿಯಾದ ವಿದ್ವಾಂಸ ಎರಟೋಸ್ತನೀಸ್‌ಗೆ ಬರೆದ ಪತ್ರದ ರೂಪದಲ್ಲಿರುವ ಇದರಲ್ಲಿ, ತನ್ನ ಪ್ರಮೇಯಗಳು ಮೊದಲು ಹೊಳೆದದ್ದು ಹೇಗೆ ಎಂಬುದನ್ನು ಆರ್ಕಿಮಿಡೀಸ್ ಬಿಚ್ಚಿ ಹೇಳುತ್ತಾನೆ. ಆಕೃತಿಗಳನ್ನು ತೆಳುವಾದ ಹೋಳುಗಳಾಗಿ ಕಲ್ಪಿಸಿಕೊಂಡು, ಸನ್ನೆಗೋಲಿನ ಎರಡು ಬದಿಗೆ ತೂಗಿ, ಅವುಗಳ ವಿಸ್ತಾರ, ಗಾತ್ರ ಕಂಡುಕೊಳ್ಳುವ ದಾರಿ ಅದು. ನ್ಯೂಟನ್, ಲೈಬ್ನಿಟ್ಸ್ ಕಾಲದ ಕಲನಶಾಸ್ತ್ರಕ್ಕೆ ಬಹಳ ಹತ್ತಿರದ ಆಲೋಚನೆ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ನಡೆದಿತ್ತೆಂಬುದಕ್ಕೆ ಪ್ರಾರ್ಥನಾ ಪುಸ್ತಕವೊಂದರ ಅಡಿಪುಟಗಳು ಸಾಕ್ಷಿಯಾದವು.

ಮೊದಲ ಮಹಾಯುದ್ಧದ ಗೊಂದಲದ ನಂತರ ಪುಸ್ತಕ ಕಾಣೆಯಾಯಿತು. ಫ್ರಾನ್ಸಿನ ಕುಟುಂಬವೊಂದರ ಬಳಿ ಅದು ಮತ್ತೆ ತೋರಿಕೊಂಡಾಗ ಬೂಷ್ಟು ಹಿಡಿದಿತ್ತು. ಬೆಲೆ ಹೆಚ್ಚಿಸುವ ಆಸೆಯಿಂದ ನಾಲ್ಕು ಪುಟಗಳ ಮೇಲೆ ಯಾರೋ ಚಿನ್ನದ ರೇಕು ಹಚ್ಚಿ ಹಳೆಯ ಕಾಲದವೆಂದು ತೋರುವ ಸಂತರ ಚಿತ್ರ ಬರೆದಿದ್ದರು. ಎರಡು ಪದರಗಳ ಮೇಲೆ ಮೂರನೆಯದು, ಅದೂ 20ನೇ ಶತಮಾನದ್ದು. 1998ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಹೆಸರು ಹೇಳಲಿಚ್ಛಿಸದ ಒಬ್ಬರು 20 ಲಕ್ಷ ಡಾಲರ್ ಕೊಟ್ಟು ಕೊಂಡು, ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯದ ವಶಕ್ಕೆ ಅಧ್ಯಯನಕ್ಕಾಗಿ ಬಿಟ್ಟರು. ಬೇರೆ ಬೇರೆ ತರಂಗಾಂತರದ ಬೆಳಕಿನಲ್ಲಿ ಒಂದೊಂದು ಪುಟದ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿದಾಗ ಪ್ರಾರ್ಥನೆ ಹಿಂದೆ ಸರಿದು ಗಣಿತ ಮುಂದೆ ಬಂತು. ಚಿನ್ನದ ಚಿತ್ರಗಳ ಅಡಿಗೆ ಬೆಳಕು ತಲುಪುತ್ತಿರಲಿಲ್ಲ. ಅದಕ್ಕೆ ಸ್ಟ್ಯಾನ್‌ಫರ್ಡಿನ ಕಣ ವೇಗವರ್ಧಕದಲ್ಲಿ ಹುಟ್ಟಿಸಿದ ಎಕ್ಸ್-ಕಿರಣ ಹಾಯಿಸಿ, ಶಾಯಿಯಲ್ಲಿ ಉಳಿದ ಕಬ್ಬಿಣದ ಕಣಗಳ ನಕಾಶೆ ತೆಗೆದರು. ಅಥೆನ್ಸಿನ ವಾಗ್ಮಿ ಹೈಪರೈಡೀಸ್‌ನ, ಅದುವರೆಗೆ ಕಳೆದುಹೋಗಿದ್ದ ಭಾಷಣಗಳ ಭಾಗಗಳೂ ಅರಿಸ್ಟಾಟಲನ ಕೃತಿಗೆ ಬರೆದ ವ್ಯಾಖ್ಯಾನವೊಂದೂ ಅದೇ ಪುಸ್ತಕದ ಬೇರೆ ಹಾಳೆಗಳಲ್ಲಿ ಸಿಕ್ಕವು. 2008ರಲ್ಲಿ ಎಲ್ಲ ಚಿತ್ರಗಳನ್ನು ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿ ಬಿಡುಗಡೆ ಮಾಡಿದರು. ಕೋಟಿಗಟ್ಟಲೆ ಬೆಲೆಯ ವಸ್ತುವಿನ ವಿಷಯದಲ್ಲಿ ಇಂಥ ಔದಾರ್ಯ ಅಪರೂಪ, ನೆನೆಯಬೇಕಾದದ್ದು.

ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆಯುವ ಈ ತಂತ್ರವನ್ನು 2011ರಿಂದ ಸಿನಾಯ್ ಮಠಕ್ಕೂ ಒಯ್ಯಲಾಯಿತು. ಅಲ್ಲಿನ ಹಳೆಯ ಹಾಳೆಗಳಲ್ಲಿ ಗ್ರೀಕ್, ಸಿರಿಯಾಕ್, ಅರಬ್ಬಿ, ಜಾರ್ಜಿಯನ್ ಮೊದಲಾದ ಭಾಷೆಗಳ ಬರಹಗಳು ಒಂದರ ಮೇಲೊಂದು ಇವೆ. ಕಾಕಸಸ್ ಪ್ರದೇಶದ ಅಲ್ಬೇನಿಯನ್ ಎಂಬ ಭಾಷೆಯ ಗ್ರಂಥಪಾಠ ಇಡೀ ಜಗತ್ತಿನಲ್ಲಿ ಉಳಿದಿರುವುದು ಈ ಮಠದ ಅಳಿಸಿದ ಪುಟಗಳಲ್ಲಿ ಮಾತ್ರ.

ವಿದ್ವಾಂಸರ ಮೇಜಿನಿಂದ ದಾಟಿದ ಪದ ಸಾಹಿತ್ಯದಲ್ಲಿ ಪ್ರಸಿದ್ಧವಾದದ್ದು 1845ರಲ್ಲಿ. ಇಂಗ್ಲಿಷ್ ಪ್ರಬಂಧಕಾರ ಥಾಮಸ್ ಡಿ ಕ್ವಿನ್ಸಿ ಮನುಷ್ಯನ ಮಿದುಳೇ ಪ್ಯಾಲಿಂಪ್ಸೆಸ್ಟ್ ಎಂದು ಬರೆದ. ಅನುಭವಗಳು ಒಂದರ ಮೇಲೊಂದು ಬಂದು ಕೂತರೂ ಯಾವುದೂ ನಿಜವಾಗಿ ಅಳಿಯುವುದಿಲ್ಲ, ಜ್ವರದಲ್ಲೋ ಸಾವಿನ ಹೊಸ್ತಿಲಲ್ಲೋ ಅಡಿಯ ಪದರ ಎದ್ದು ಬರುತ್ತದೆ ಎಂಬುದು ಅವನ ವಾದ. ಪ್ಲುಟಾರ್ಕನ ಹೋಲಿಕೆಯೊಂದಿಗೆ ಇದನ್ನಿಟ್ಟು ನೋಡಿದರೆ ಪದ ಎಷ್ಟು ತಿರುಗಿದೆ ಎಂಬುದು ಸ್ಪಷ್ಟವಾಗುತ್ತದೆ. ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದು 1946ರಲ್ಲಿ ಪ್ರಕಟಿಸಿದ ‘ಡಿಸ್ಕವರಿ ಆಫ್ ಇಂಡಿಯಾ’ದಲ್ಲಿ ಜವಾಹರಲಾಲ್ ನೆಹರೂ ಭಾರತವನ್ನೇ ಪ್ರಾಚೀನ ಪ್ಯಾಲಿಂಪ್ಸೆಸ್ಟ್ ಎಂದು ಕರೆದರು. ಭಾರತದ ಇಂಗ್ಲಿಷ್ ಓದುಗರಲ್ಲಿ ಹಲವರಿಗೆ ಪದದ ಪರಿಚಯ ಅಲ್ಲಿಂದ ಆಗಿರಬಹುದು. ನೆಹರೂ ಕಂಡ ಪದರಗಳಲ್ಲಿ ಮುಂದಿನದು ಹಿಂದಿನದನ್ನು ಪೂರ್ತಿ ಮುಚ್ಚಿಲ್ಲ, ಅಳಿಸಿಯೂ ಇಲ್ಲ. ‘ಹೆರೆಯುವ’ ಕ್ರಿಯೆಯೇ ಕೈಬಿಟ್ಟು ಹೋದ ಈ ಅರ್ಥವೇ ಈಗ ಹೆಚ್ಚು ಬಳಕೆಯಲ್ಲಿದೆ. 1982ರಲ್ಲಿ ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ ಒಂದು ಕೃತಿ ಇನ್ನೊಂದರ ಮೇಲೆ ನಿಂತು ಹುಟ್ಟುವ ಬಗೆಗಳನ್ನು ವಿವರಿಸುವ ಗ್ರಂಥಕ್ಕೆ ಇದೇ ಹೆಸರಿಟ್ಟ.

ಶಾಸ್ತ್ರಗಳಲ್ಲಿ ಪದಕ್ಕೆ ಇನ್ನೂ ಬಿಗಿಯಾದ ಅರ್ಥಗಳಿವೆ. ಇಂಗ್ಲೆಂಡಿನಲ್ಲಿ 16ನೇ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿದಾಗ ಅಲ್ಲಿನ ಸಮಾಧಿಗಳ ಹಿತ್ತಾಳೆ ಫಲಕಗಳನ್ನು ಕಿತ್ತು, ತಿರುಗಿಸಿ, ಹಿಂಬದಿಯಲ್ಲಿ ಹೊಸಬರ ಹೆಸರು ಕೊರೆದರು. ಅವೂ ಪ್ಯಾಲಿಂಪ್ಸೆಸ್ಟ್‌ಗಳೇ. ಗುರುಗ್ರಹದ ಗ್ಯಾನಿಮೀಡ್, ಕ್ಯಾಲಿಸ್ಟೊ ಚಂದ್ರಗಳ ಹಿಮದ ನೆಲದಲ್ಲಿ ಏರುತಗ್ಗು ಮಾಸಿ ಬರಿಯ ಬಿಳಿ ವೃತ್ತವಾಗಿ ಉಳಿದ ಹಳೆಯ ಕುಳಿಗಳಿಗೂ ಖಗೋಳವಿಜ್ಞಾನಿಗಳು ಇದೇ ಹೆಸರು ಕೊಟ್ಟಿದ್ದಾರೆ. ಭಾರತದ ಶಾಸನತಜ್ಞರು, ಹಳೆಯ ಅಕ್ಷರಗಳನ್ನು ತಟ್ಟಿ ಅಳಿಸಿ ಮತ್ತೆ ಕೊರೆದ ತಾಮ್ರಪಟಗಳಿಗೆ ಈ ಪದ ಬಳಸುತ್ತಾರೆ.

ಕನ್ನಡದ ಹಸ್ತಪ್ರತಿಗಳಲ್ಲಿ ಯುರೋಪಿನ ಬಗೆಯ ಪ್ಯಾಲಿಂಪ್ಸೆಸ್ಟ್ ಹುಟ್ಟುವುದಕ್ಕೆ ಓಲೆಗರಿಯ ಸ್ವಭಾವವೇ ಅಡ್ಡಿ. ಓಲೆಯ ಮೇಲೆ ಕಂಟ ಎಂಬ ಮೊನಚು ಲೋಹದ ಲೇಖನಿಯಿಂದ ಅಕ್ಷರ ಕೊರೆದು ಮಸಿ ತುಂಬುತ್ತಾರೆ. ಕೊರೆದ ಗೀರನ್ನು ಹೆರೆಯಹೋದರೆ ಗರಿಯೇ ಹರಿಯುತ್ತದೆ. ಪ್ರತಿ ಜೀರ್ಣವಾದರೆ ಹೊಸ ಓಲೆಗೆ ನಕಲು ಮಾಡುವುದೊಂದೇ ದಾರಿ. ಅಳಿಸಿ ಬರೆಯುವ ಅನುಕೂಲ ಇದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕರಿಯ ಪುಸ್ತಕ ಅದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ವ್ಯವಹಾರ ಅದರಲ್ಲಿ ನಡೆಯುತ್ತಿತ್ತು. ಶೃಂಗೇರಿ ಮಠದ ಕಡತಗಳನ್ನು ಚರಿತ್ರೆಕಾರರು ಆಕರವಾಗಿ ಬಳಸಿದ್ದಾರೆ. ಬಳಪದ ಬರಹ ಬಟ್ಟೆಯ ಮೇಲೆ ಕೂರುತ್ತದೆಯೇ ಹೊರತು ಕಚ್ಚಿಕೊಳ್ಳುವುದಿಲ್ಲ. ಬೇಡವಾದದ್ದನ್ನು ಒರೆಸಿ ಹೊಸ ಲೆಕ್ಕ ಹಿಡಿಯಬಹುದು, ಬೇಕಾದಾಗ ಮತ್ತೆ ಕಪ್ಪು ಬಳಿಯಬಹುದು. ಕಟುಲ್ಲಸ್, ಸಿಸೆರೊ ಬಳಸಿದ ಅರ್ಥದಲ್ಲಿ ಕಡತವೂ ಒಂದು ಪ್ಯಾಲಿಂಪ್ಸೆಸ್ಟ್. ಮಾಯ್, ಹೈಬರ್ಗ್ ಬಳಸಿದ ಅರ್ಥದಲ್ಲಿ ಅಲ್ಲ.